ಬಾಗಿಲು ಹಾಕಿ, ಆದರೆ ಯಾಕೆ ಅಂತ ಹೇಳಿ: ಮೇಲ್ ಸರ್ವರ್ ಕಾಯುವವರಿಗೆ ಒಂದು ಬಹಿರಂಗ ಪತ್ರ

ಪೋಸ್ಟ್‌ಮಾಸ್ಟರ್ ಅವರೇ,

ನಮಸ್ಕಾರ. ಈ ಪತ್ರವನ್ನು ಎಲ್ಲರ ಎದುರು ಬರೆಯುವ ಆಸೆ ನನಗೇನೂ ಇರಲಿಲ್ಲ. ಮೊದಲು ನಿಮಗೇ ಬರೆದೆ. ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ ಬರೆಯಲೆಂದೇ ಇರುವ ಪೋಸ್ಟ್‌ಮಾಸ್ಟರ್ ಅನ್ನುವ ವಿಳಾಸಕ್ಕೆ, ನಮ್ಮ ಸರ್ವರ್‌ನಿಂದಲೇ, ನಾಲ್ಕು ಸಾಲು. 'ನಮ್ಮ ಐಪಿ ವಿಳಾಸವನ್ನು ನೀವು ತಡೆದಿದ್ದೀರಿ, ಯಾಕೆ ಅಂತ ತಿಳಿಸಿದರೆ ಸರಿ ಮಾಡಿಕೊಳ್ಳುತ್ತೇವೆ' ಅಂತ. (ಐಪಿ ವಿಳಾಸ ಅಂದರೆ ಇಂಟರ್‌ನೆಟ್‌ನಲ್ಲಿ ಒಂದು ಸರ್ವರ್‌ನ ಅಂಕಿಯ ಗುರುತು.) ಎರಡೇ ಸೆಕೆಂಡಿನಲ್ಲಿ ಉತ್ತರ ಬಂತು. ಉತ್ತರ ಕೊಟ್ಟದ್ದು ನಿಮ್ಮ ಸರ್ವರ್: 550, ಅಂದರೆ ಈ ಮೇಲ್ ತೆಗೆದುಕೊಳ್ಳುವುದಿಲ್ಲ, ನಿಮ್ಮ ಐಪಿ ವಿಳಾಸವನ್ನು ತಡೆಯಲಾಗಿದೆ. ಯಾಕೆ ತಡೆದಿರಿ ಅಂತ ಕೇಳಲು ಬಂದವನನ್ನೂ ಅದೇ ತಡೆ ವಾಪಸ್ ಕಳಿಸಿತು.

ಮೇಲ್ ಸಾಗಿಸುವ ನಿಯಮ ಬರೆದವರು ಇಂಥದ್ದನ್ನು ಮೊದಲೇ ಊಹಿಸಿದ್ದರು. ಸರ್ವರ್‌ಗಳು ಮೇಲ್ ಸಾಗಿಸುವ ರೀತಿಗೆ ಎಸ್‌ಎಂಟಿಪಿ ಅಂತ ಹೆಸರು, ಅದರ ನಿಯಮಗಳಿರುವುದು 2008ರ ಆರ್‌ಎಫ್‌ಸಿ 5321 ಅನ್ನುವ ಇಂಟರ್‌ನೆಟ್ ನಿಯಮಪತ್ರದಲ್ಲಿ. ಮೇಲ್ ಸ್ವೀಕರಿಸುವ ಸರ್ವರ್‌ಗೆ ಪೋಸ್ಟ್‌ಮಾಸ್ಟರ್ ವಿಳಾಸ ಇರಲೇಬೇಕು ಅನ್ನುತ್ತದೆ ಅದು. ಎಲ್ಲಿಂದ ಬಂದರೂ ಆ ವಿಳಾಸದ ಮೇಲ್ ತೆಗೆದುಕೊಳ್ಳಲು ಕೈಲಾದಷ್ಟು ಪ್ರಯತ್ನ ಮಾಡಬೇಕು, ದಾಳಿಯಂಥ ವಿಪರೀತ ಹೊತ್ತಿನಲ್ಲಿ ಮಾತ್ರ ತಡೆಯಬಹುದು, ತಡೆದರೂ ಎಷ್ಟು ಬೇಕೋ ಅಷ್ಟೇ ತಡೆಯಬೇಕು ಅಂತಲೂ ಇದೆ. ನಮ್ಮ ನಾಲ್ಕು ಸಾಲು ಅಂಥ ದಾಳಿ ಆಗಿತ್ತಾ?

'ನೀವು' ಅಂತ ಬರೆಯುತ್ತಿದ್ದರೂ ಈ ಪತ್ರ ಒಬ್ಬರಿಗಲ್ಲ. ಕೋಟಿಗಟ್ಟಲೆ ಜನರ ಇನ್‌ಬಾಕ್ಸ್ ನಡೆಸುವ ದೊಡ್ಡ ಕಂಪನಿಯವರು ಇದ್ದೀರಿ. ಬ್ಲಾಕ್‌ಲಿಸ್ಟ್, ಅಂದರೆ ಮೇಲ್ ತಡೆಯಬೇಕಾದ ಐಪಿಗಳ ಪಟ್ಟಿ, ನಡೆಸುವವರು ಇದ್ದೀರಿ. ಆ ಪಟ್ಟಿಯನ್ನು ಎಂದೋ ತಮ್ಮ ಸರ್ವರ್‌ಗೆ ಸಿಕ್ಕಿಸಿ ಮರೆತುಬಿಟ್ಟ ಅಡ್ಮಿನ್‌ಗಳು ಇದ್ದೀರಿ. ಐಪಿ ವಿಳಾಸಗಳನ್ನು ಬಾಡಿಗೆಗೆ ಕೊಡುವ ಹೋಸ್ಟಿಂಗ್‌ನವರೂ ಇದ್ದೀರಿ. ನಮಗೆ ತೊಂದರೆ ಕೊಟ್ಟವರ ಹೆಸರು ಬರೆಯುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಸಣ್ಣ ಸಂಸ್ಥೆಯ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ಬಳಸುವವರು ಅರವತ್ತು ಚಿಲ್ಲರೆ ಜನ. ದಿನಕ್ಕೆ ಹೊರಗೆ ಹೋಗುವುದು ಕೆಲವು ನೂರು ಮೇಲ್. ರಸೀದಿ, ಸಭೆಯ ಸೂಚನೆ, ಯಾರೋ ಕೇಳಿದ್ದಕ್ಕೆ ಉತ್ತರ, ಪಾಸ್‌ವರ್ಡ್ ಬದಲಿಸುವ ಲಿಂಕ್. ಜಾಹೀರಾತು ಕಳಿಸುವ ಚಾಳಿ ನಮಗಿಲ್ಲ.

ನಮ್ಮ ಹಳೆಯ ಸರ್ವರ್‌ಗೆ ವಯಸ್ಸಾಗಿತ್ತು. ಹೊಸದನ್ನು ಬಾಡಿಗೆಗೆ ಹಿಡಿದೆವು. ಜೊತೆಗೆ ಒಂದು ಹೊಸ ಐಪಿ ವಿಳಾಸ ಬಂತು. ಹೊಸದು ಅನ್ನುವುದು ನಮಗೆ ಮಾತ್ರ ಅಂತ ಆಗ ಹೊಳೆಯಲಿಲ್ಲ. ಮೇಲ್ ನಿಜಕ್ಕೂ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿದೆ. ಐಪಿ ಕೊಟ್ಟರೆ ಸರ್ವರ್‌ನ ಹೆಸರು ಹೇಳುವ ರಿವರ್ಸ್ ಡಿಎನ್‌ಎಸ್ ಹೊಂದಿಸಿದೆ. ನನ್ನದೇ ಎರಡು ಮೂರು ಖಾತೆಗಳಿಗೆ ಮೇಲ್ ಕಳಿಸಿ ನೋಡಿದೆ, ತಲುಪಿತು. ಶುಕ್ರವಾರ ರಾತ್ರಿ ಎಲ್ಲವನ್ನೂ ಹೊಸದಕ್ಕೆ ತಿರುಗಿಸಿ ಮಲಗಿದೆ. ಶುಕ್ರವಾರ ಸರ್ವರ್ ಮುಟ್ಟಬಾರದು ಅಂತ ಈ ಕೆಲಸದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು.

ಸೋಮವಾರ ಲಾಗ್, ಅಂದರೆ ಸರ್ವರ್‌ನ ದಿನಚರಿ, ತೆಗೆದೆ. ಒಂದು ಕಡೆಯವರು 550 ಕೊಟ್ಟು ವಾಪಸ್ ಕಳಿಸಿದ್ದರು, ಜೊತೆಗೆ ಯಾವ ಬ್ಲಾಕ್‌ಲಿಸ್ಟ್ ನೋಡಿ ಹಾಗೆ ಮಾಡಿದೆವು ಅಂತ ಲಿಂಕ್ ಕೊಟ್ಟಿದ್ದರು. ಇನ್ನೊಂದು ಕಡೆಯವರು 421 ಅಂದು 'ಆಮೇಲೆ ಬನ್ನಿ' ಅಂದಿದ್ದರು. ನಮ್ಮ ಸರ್ವರ್ ಪಾಪ, ಆಮೇಲೆ ಹೋಯಿತು, ಮತ್ತೆ ಹೋಯಿತು, ಎರಡೂವರೆ ದಿನದಿಂದ ಹೋಗುತ್ತಲೇ ಇತ್ತು. ಮೂರನೆಯವರ ಉತ್ತರ ಎಲ್ಲಕ್ಕಿಂತ ಚೆನ್ನಾಗಿತ್ತು: 250, ಓಕೆ. ಮೇಲ್ ಸಿಕ್ಕಿದೆ ಅಂತ ಅರ್ಥ. ಆದರೆ ಅಲ್ಲಿನವರಿಗೆ ಫೋನ್ ಮಾಡಿ ಕೇಳಿದರೆ ಇನ್‌ಬಾಕ್ಸ್‌ನಲ್ಲೂ ಇಲ್ಲ, ಸ್ಪ್ಯಾಮ್ ಫೋಲ್ಡರ್‌ನಲ್ಲೂ ಇಲ್ಲ. ತೆಗೆದುಕೊಂಡು ಸುಮ್ನೆ ಎಸೆದಿದ್ದರು.

ಈ ಮೂರನೆಯದೇ ನನ್ನನ್ನು ಹೆಚ್ಚು ಕಾಡಿದ್ದು. ನಮ್ಮಲ್ಲಿ ಒಬ್ಬರು ಹೊಸ ಕೆಲಸಕ್ಕೆ ಅರ್ಜಿ ಹಾಕಿದ್ದರು. 'ಬುಧವಾರ ಸಂದರ್ಶನಕ್ಕೆ ಬರ್ತೀರಾ' ಅಂತ ಅಲ್ಲಿಂದ ಮೇಲ್ ಬಂತು. 'ಬರ್ತೀನಿ' ಅಂತ ಇವರು ಉತ್ತರ ಬರೆದರು. ಬೌನ್ಸ್ ಆಗಲಿಲ್ಲ, ಅಂದರೆ ವಾಪಸ್ ಬರಲಿಲ್ಲ, ಹೋಗಿದೆ ಅಂದುಕೊಂಡರು. ಅಲ್ಲಿನವರು ಉತ್ತರವೇ ಬರಲಿಲ್ಲ ಅಂದುಕೊಂಡು ಬೇರೆಯವರನ್ನು ಕರೆದರು. ಬೌನ್ಸ್ ಆಗಿದ್ದರೆ ಫೋನ್ ಆದರೂ ಮಾಡುತ್ತಿದ್ದರು, ಅಲ್ವಾ? ಅದೇ ಆರ್‌ಎಫ್‌ಸಿ 5321 ಇದರ ಬಗ್ಗೆಯೂ ಹೇಳುತ್ತದೆ: ಮೇಲ್ ವಂಚನೆಯದ್ದು ಅಥವಾ ಬೇರೆ ರೀತಿ ತೀರಾ ಅನುಚಿತವಾದದ್ದು ಅಂತ ತುಂಬಾ ಖಾತ್ರಿ ಇದ್ದಾಗ ಮಾತ್ರ ಸದ್ದಿಲ್ಲದೆ ಎಸೆಯುವ ಯೋಚನೆ ಮಾಡಿ ಅಂತ. ಸಂದರ್ಶನಕ್ಕೆ ಬರುತ್ತೇನೆ ಅನ್ನುವ ಎರಡು ಸಾಲಿನಲ್ಲಿ ಅಂಥ ಖಾತ್ರಿ ಎಲ್ಲಿಂದ ಬಂತೋ ನನಗೆ ಅರ್ಥವಾಗಿಲ್ಲ.

ಲಿಂಕ್ ಕೊಟ್ಟವರ ವಿಷಯಕ್ಕೆ ಬರುತ್ತೇನೆ. ಅದನ್ನು ಒತ್ತಿದರೆ ಬ್ಲಾಕ್‌ಲಿಸ್ಟ್‌ನ ಪುಟ ತೆರೆಯಿತು. ನಮ್ಮ ವಿಳಾಸ ಯಾವ ದಿನ ಸೇರಿತು, ಯಾಕೆ ಸೇರಿತು ಎಲ್ಲ ಅಲ್ಲಿತ್ತು. ಸೇರಿದ್ದು ನಾವು ಬಾಡಿಗೆಗೆ ಹಿಡಿಯುವ ನಾಲ್ಕು ತಿಂಗಳು ಮೊದಲು. ನಮಗಿಂತ ಹಿಂದೆ ಆ ವಿಳಾಸದಲ್ಲಿ ಇದ್ದ ಯಾರೋ ಕಸ ಸುರಿದು ಹೋಗಿದ್ದರು. ಸರ್ವರ್ ಈಗ ನಮ್ಮ ಕೈಯಲ್ಲಿದೆ, ರಿವರ್ಸ್ ಡಿಎನ್‌ಎಸ್ ಹೆಸರು ನೋಡಿ ಅಂತ ಬರೆದೆ. ಮಾರನೆಯ ದಿನ ನಮ್ಮ ವಿಳಾಸವನ್ನು ಪಟ್ಟಿಯಿಂದ ತೆಗೆದಿದ್ದರು. ಅವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ನಿಜ ಹೇಳಬೇಕೆಂದರೆ ಈ ಕಥೆಯಲ್ಲಿ ನನಗೆ ಇಷ್ಟವಾದವರು ಅವರೇ.

ಈ ಪಟ್ಟಿಗಳು ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಉಳಿದವರು ಮುಂದಕ್ಕೆ ಹೋಗಬಹುದು. ಸ್ಪ್ಯಾಮ್ ಹಳೆಯ ರೋಗ. 1978ರ ಮೇ ತಿಂಗಳಲ್ಲೇ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ಅನ್ನುವವರು ಇಂಟರ್‌ನೆಟ್‌ಗೆ ಮುಂಚಿನ ಜಾಲ ಅರ್ಪಾನೆಟ್‌ನ ಸುಮಾರು 400 ಜನಕ್ಕೆ ಕಂಪ್ಯೂಟರ್ ಮಾರುವ ಜಾಹೀರಾತು ಕಳಿಸಿ ಬೈಸಿಕೊಂಡಿದ್ದರು. ತೊಂಬತ್ತರ ದಶಕದಲ್ಲಿ ಅದು ಕೈ ಮೀರಿತು. 1997ರಲ್ಲಿ ಪಾಲ್ ವಿಕ್ಸಿ ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿಯೊಂದನ್ನು ಶುರುಮಾಡಿದರು, ಆರ್‌ಬಿಎಲ್ ಅಂತ ಹೆಸರು. ಸ್ವಲ್ಪ ದಿನದಲ್ಲೇ ಅದನ್ನು ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ಹೇಳುವ ಇಂಟರ್‌ನೆಟ್‌ನ ವ್ಯವಸ್ಥೆ) ಮೂಲಕ ಕೇಳುವಂತೆ ಮಾಡಿದರು. ಮರುವರ್ಷ ಸ್ಟೀವ್ ಲಿನ್‌ಫರ್ಡ್ ಇಂಥ ಪಟ್ಟಿಗಳನ್ನು ನಡೆಸುವ ಸ್ಪ್ಯಾಮ್‌ಹೌಸ್ ಸಂಸ್ಥೆ ಕಟ್ಟಿದರು.

ಆ ಡಿಎನ್‌ಎಸ್ ಉಪಾಯ ನನಗೆ ಈಗಲೂ ಖುಷಿ ಕೊಡುತ್ತದೆ. 192.0.2.25 ಅನ್ನುವ ವಿಳಾಸದಿಂದ ಮೇಲ್ ಬಂತು ಅಂದುಕೊಳ್ಳಿ. ಸರ್ವರ್ ಆ ಅಂಕಿಗಳನ್ನು ತಿರುಗಿಸಿ 25.2.0.192 ಮಾಡುತ್ತದೆ, ಹಿಂದೆ ಪಟ್ಟಿಯ ಹೆಸರು ಅಂಟಿಸುತ್ತದೆ, ಮಾಮೂಲಿ ಡಿಎನ್‌ಎಸ್ ಪ್ರಶ್ನೆಯಂತೆ ಕೇಳುತ್ತದೆ. 'ಅಂಥ ಹೆಸರಿಲ್ಲ' ಅಂತ ಬಂದರೆ ಮೇಲ್ ಒಳಗೆ. 127.0.0.2 ಥರದ ಉತ್ತರ ಬಂದರೆ ಹೆಸರು ಪಟ್ಟಿಯಲ್ಲಿದೆ, ಮೇಲ್ ಹೊರಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಪು. ಪತ್ರವನ್ನು ಒಡೆದು ಓದುವ ಮೊದಲೇ ತೀರ್ಪು. ಇದರ ಬಲ, ತೊಂದರೆ ಎರಡೂ ಅದೇ.

ಪಟ್ಟಿಗಳೇ ಬೇಡ ಅನ್ನುವವರ ಗುಂಪಿನಲ್ಲಿ ನಾನಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯೊಳಗೇ ಇದೆ. ಒಂದಷ್ಟು ವರ್ಷದ ಹಿಂದೆ ನಮ್ಮ ಬಳಕೆದಾರರೊಬ್ಬರ ಪಾಸ್‌ವರ್ಡ್ ಕಳುವಾಯಿತು. ಬೇರೆ ಜಾಲತಾಣದಲ್ಲಿಟ್ಟ ಪಾಸ್‌ವರ್ಡನ್ನೇ ಇಲ್ಲೂ ಇಟ್ಟಿದ್ದರು. ಕಳ್ಳ ರಾತ್ರಿ ಒಂದು ಗಂಟೆಗೆ ಲಾಗಿನ್ ಆದ. ಬೆಳಗಾಗುವಷ್ಟರಲ್ಲಿ ಹದಿನಾಲ್ಕು ಸಾವಿರ ಮೇಲ್ ನಮ್ಮ ಸರ್ವರ್‌ನಿಂದ ಹೊರಗೆ ಹೋಗಿತ್ತು. ಒಬ್ಬ ಬಳಕೆದಾರ ಗಂಟೆಗೆ ಎಷ್ಟು ಮೇಲ್ ಕಳಿಸಬಹುದು ಅಂತ ಮಿತಿ ಹಾಕಿರಲಿಲ್ಲ. ತಪ್ಪು ಪೂರ್ತಿ ನನ್ನದು. ಆ ಬೆಳಿಗ್ಗೆ ನನ್ನನ್ನು ಎಚ್ಚರಿಸಿದ್ದು ಒಂದು ಬ್ಲಾಕ್‌ಲಿಸ್ಟ್. ಇಂಥ ಹೊತ್ತಿಗೆ ಈ ವಿಳಾಸದಿಂದ ಬಂದ ಮೇಲ್ ನಮ್ಮ ಸ್ಪ್ಯಾಮ್ ಟ್ರ್ಯಾಪ್‌ಗೆ ಬಿತ್ತು ಅಂತ ಅವರ ಪುಟದಲ್ಲಿತ್ತು. ಸ್ಪ್ಯಾಮ್ ಟ್ರ್ಯಾಪ್ ಅಂದರೆ ಯಾರೂ ಬಳಸದ, ಯಾರೂ ಮೇಲ್ ಕೇಳದ ವಿಳಾಸ. ಅದಕ್ಕೆ ಮೇಲ್ ಬಂತು ಅಂದರೆ ಕಳಿಸಿದವನ ಕೈಯಲ್ಲಿರುವ ಪಟ್ಟಿ ಸರಿಯಿಲ್ಲ. ಹೊತ್ತು ಗೊತ್ತಾಗಿದ್ದರಿಂದ ಲಾಗ್‌ನಲ್ಲಿ ಆ ಖಾತೆ ಐದು ನಿಮಿಷದಲ್ಲಿ ಸಿಕ್ಕಿತು. ಮುಚ್ಚಿದೆ, ಕ್ಯೂನಲ್ಲಿ ಉಳಿದದ್ದನ್ನು ಅಳಿಸಿದೆ, ಮಿತಿ ಹಾಕಿದೆ, ಆಮೇಲೆ ಕ್ಷಮೆ ಕೇಳಿ ಬರೆದೆ.

ಎರಡು ಘಟನೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ತಪ್ಪು ಮಾಡಿದಾಗ ಯಾಕೆ ಅಂತ ಹೇಳಿದರು, ಒಂದೇ ಬೆಳಿಗ್ಗೆಯಲ್ಲಿ ಸರಿಯಾಯಿತು. ತಪ್ಪು ಮಾಡದೆ ಇದ್ದಾಗ, ಲಿಂಕ್ ಕೊಟ್ಟ ಆ ಒಬ್ಬರನ್ನು ಬಿಟ್ಟರೆ ಯಾರೂ ಯಾಕೆ ಅಂತ ಹೇಳಲಿಲ್ಲ, ಹನ್ನೊಂದು ದಿನ ಹಿಡಿಯಿತು.

ಆ ಹನ್ನೊಂದು ದಿನ ಹೋದದ್ದು ದೊಡ್ಡ ಇನ್‌ಬಾಕ್ಸ್ ಕಂಪನಿಯೊಂದರ ಒಳಪಟ್ಟಿಯ ಜೊತೆ ಗುದ್ದಾಡುವುದರಲ್ಲಿ. ಸಾರ್ವಜನಿಕ ಬ್ಲಾಕ್‌ಲಿಸ್ಟ್ ಆದರೆ ಯಾರು ಬೇಕಾದರೂ ಕೇಳಿ ನೋಡಬಹುದು. ಒಳಪಟ್ಟಿ ಹಾಗಲ್ಲ. ಅದರಲ್ಲಿ ಇದ್ದೀವಿ ಅಂತ ಗೊತ್ತಾಗುವುದೇ ಮೇಲ್ ವಾಪಸ್ ಬಂದ ಮೇಲೆ. ಫಾರಂ ತುಂಬಿಸಿದೆ. ಹತ್ತು ನಿಮಿಷದಲ್ಲಿ ಉತ್ತರ: ನಿಮ್ಮ ಐಪಿ ವಿಳಾಸ ತಡೆ ತೆಗೆಯಲು ಅರ್ಹವಲ್ಲ. ಯಾಕೆ ಅರ್ಹವಲ್ಲ ಅಂತ ಕೇಳಿದೆ. ಮತ್ತೆ ಅದೇ ಉತ್ತರ, ಕೆಳಗೆ ಬೇರೆ ಹೆಸರಿನ ಸಹಿ. ಮೂರನೆಯ ಸಲ ಸ್ವಲ್ಪ ಗಡುಸಾಗಿ ಬರೆದೆ. ಆಗ ತಡೆ ಸಡಿಲಿಸಿದ್ದೇವೆ ಅಂತ ಬಂತು. ಮೊದಲ ಎರಡು ಸಲ ಬೇಡವಾದದ್ದು ಮೂರನೆಯ ಸಲ ಹೇಗೆ ಬೇಕಾಯಿತು? ನಮ್ಮ ಸರ್ವರ್‌ನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಏನು ಸರಿ ಮಾಡಿದ್ದರಿಂದ ಬಿಟ್ಟರು ಅಂತ ಗೊತ್ತಾಗದೆ ಇದ್ದರೆ, ಮುಂದೆ ಏನು ಮಾಡಬಾರದು ಅಂತಲೂ ಗೊತ್ತಾಗುವುದಿಲ್ಲ.

ನಿಮ್ಮ ಉತ್ತರ ನನಗೆ ಗೊತ್ತಿದೆ. ಕಾರಣ ಬಿಟ್ಟುಕೊಟ್ಟರೆ ಸ್ಪ್ಯಾಮರ್‌ಗಳು ಅದನ್ನೇ ನೋಡಿ ಕಲಿಯುತ್ತಾರೆ ಅನ್ನುತ್ತೀರಿ. ಸ್ವಲ್ಪ ನಿಜ. ಯಾವ ವಿಳಾಸ ನಿಮ್ಮ ಟ್ರ್ಯಾಪ್ ಅಂತ ಹೇಳಿ ಅಂತ ನಾನು ಕೇಳುತ್ತಿಲ್ಲ. ಆದರೆ ಈ ವಿಳಾಸದಿಂದ ಕೊನೆಯ ಸಲ ಕೆಟ್ಟ ಮೇಲ್ ಬಂದದ್ದು ಯಾವ ದಿನ ಅಂತ ಹೇಳಿದರೆ ಯಾವ ಸ್ಪ್ಯಾಮರ್ ಏನು ಕಲಿತಾನು? ತಡೆದದ್ದು ಈ ಒಂದು ವಿಳಾಸವನ್ನಾ, ಸುತ್ತಲಿನ 256 ವಿಳಾಸಗಳನ್ನಾ ಅಂತ ಹೇಳಿದರೆ? ಅಷ್ಟು ಗೊತ್ತಾದರೂ ಹುಡುಕಬೇಕಾದದ್ದು ನನ್ನ ಲಾಗ್‌ನಲ್ಲೋ, ಜಗಳ ಆಡಬೇಕಾದದ್ದು ಹೋಸ್ಟಿಂಗ್‌ನವರ ಹತ್ತಿರವೋ ಅಂತ ತಿಳಿಯುತ್ತದೆ.

256ರ ಲೆಕ್ಕ ಸುಮ್ನೆ ಹೇಳಿದ್ದಲ್ಲ. ಸ್ಪ್ಯಾಮರ್‌ಗಳು ಒಂದೇ ವಿಳಾಸದಲ್ಲಿ ಕೂರುವುದಿಲ್ಲ. ಸಾಲಾಗಿ ನೂರಾರು ವಿಳಾಸ ಹಿಡಿದು, ಪ್ರತಿಯೊಂದರಿಂದ ಸ್ವಲ್ಪ ಸ್ವಲ್ಪ ಕಳಿಸುತ್ತಾರೆ. ಹಾಗಾಗಿ ಕೆಲವು ಪಟ್ಟಿಗಳು ಇಡೀ ಸಾಲನ್ನೇ ಸೇರಿಸುತ್ತವೆ. ಇನ್ನು ಕೆಲವರು ಇನ್ನೂ ಮುಂದೆ ಹೋಗಿ ಒಂದು ಕಂಪನಿಯ ಹೆಸರಿನಲ್ಲಿರುವ ಎಲ್ಲ ವಿಳಾಸಗಳನ್ನೂ ಒಟ್ಟಿಗೆ ಸೇರಿಸುತ್ತಾರೆ, ಕಂಪನಿಯ ಮೇಲೆ ಒತ್ತಡ ಬೀಳಲಿ ಅಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಬರೆ ಬಿದ್ದ ಎಮ್ಮೆ ಹೋಗಿ ಎತ್ತಿಗೆ ಬುದ್ಧಿ ಹೇಳುತ್ತದೆ ಅಂತ ನಿಮ್ಮ ಲೆಕ್ಕ ಇರಬೇಕು. ಹೋಸ್ಟಿಂಗ್‌ನವರಿಗೆ ನಾನು ಬರೆದ ದೂರಿಗೆ ಬಂದ ಉತ್ತರ ಹೀಗಿತ್ತು: ಬ್ಲಾಕ್‌ಲಿಸ್ಟ್‌ಗಳು ನಮ್ಮ ಹಿಡಿತದಲ್ಲಿಲ್ಲ, ಬೇಕಿದ್ದರೆ ಇನ್ನೊಂದು ಐಪಿ ಕೊಳ್ಳಿ. ಅವರಿಗೆ ಇದರಿಂದ ಇನ್ನೊಂದು ವ್ಯಾಪಾರ ಕುದುರಿತು.

ಹೋಸ್ಟಿಂಗ್‌ನವರೇ, ನಿಮ್ಮ ಜೊತೆ ಎರಡು ಮಾತು. ಐಪಿವಿ4, ಅಂದರೆ ನಾಲ್ಕು ಅಂಕಿಗಳ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಹಂಚುವ ಐಎಎನ್‌ಎ ಸಂಸ್ಥೆ ತನ್ನಲ್ಲಿ ಉಳಿದ ಕೊನೆಯ ದೊಡ್ಡ ಕಂತನ್ನು 2011ರ ಫೆಬ್ರವರಿ 3ರಂದು ಕೊಟ್ಟು ಕೈ ತೊಳೆದುಕೊಂಡಿತು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಎಲ್ಲವೂ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುವುದು. ಮನೆ ಬಾಡಿಗೆಗೆ ಕೊಡುವವರು ಹಿಂದಿನ ಬಾಡಿಗೆದಾರ ಹೋದ ಮೇಲೆ ಗೋಡೆಗೆ ಸುಣ್ಣವನ್ನಾದರೂ ಬಳಿಸುತ್ತಾರೆ. ನೀವು ಅದನ್ನೂ ಮಾಡುವುದಿಲ್ಲ. ಒಂದು ವಿಳಾಸ ಖಾಲಿಯಾದಾಗ ಅದು ಯಾವ ಪಟ್ಟಿಯಲ್ಲಿದೆ ಅಂತ ಕೇಳುವುದು ಒಂದು ಸಣ್ಣ ಸ್ಕ್ರಿಪ್ಟ್‌ನ ಕೆಲಸ. ಪಟ್ಟಿಯಲ್ಲಿದ್ದರೆ ತೆಗೆಸಿ ಕೊಡಿ, ಇಲ್ಲವೇ ಇದು ಮೇಲ್‌ಗೆ ಆಗುವುದಿಲ್ಲ, ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ ಅಂತ ಕೊಡುವ ಮೊದಲೇ ಹೇಳಿ. ಅಬ್ಯೂಸ್ ಅನ್ನುವ ವಿಳಾಸಕ್ಕೆ ಬರುವ ದೂರುಗಳನ್ನು ಯಾರಾದರೂ ಓದಿ. ಆ ವಿಳಾಸ ಇಡಬೇಕು ಅನ್ನುವ ಮಾತು ಆರ್‌ಎಫ್‌ಸಿ 2142ರಲ್ಲಿ ಬಂದು ಬಹಳ ಕಾಲವಾಯಿತು, ಅದು 1997ರದ್ದು.

ಎಲ್ಲ ಪಟ್ಟಿಯೂ ಅಪರಾಧಿಗಳ ಪಟ್ಟಿಯಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಸುಮ್ನೆ ಗಾಬರಿಯಾಗುತ್ತಾರೆ. ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಅನ್ನುವುದು ನೇರವಾಗಿ ಮೇಲ್ ಕಳಿಸಬಾರದ ವಿಳಾಸಗಳ ಪಟ್ಟಿ. ಮನೆಯ ಇಂಟರ್‌ನೆಟ್ ಸಂಪರ್ಕದ ವಿಳಾಸಗಳು ಅದರಲ್ಲಿ ಇರುವುದೇ ಸರಿ. ನಿಮ್ಮ ಮನೆಯ ಐಪಿ ಅಲ್ಲಿ ಕಂಡರೆ ನೀವು ಕಳ್ಳರು ಅಂತ ಅರ್ಥವಲ್ಲ.

ಈಗ ಪಟ್ಟಿಯನ್ನು ಸರ್ವರ್‌ಗೆ ಸಿಕ್ಕಿಸಿ ಮರೆತ ಅಡ್ಮಿನ್‌ಗಳ ಸರದಿ. ನಾನೂ ನಿಮ್ಮವನೇ, ಹಾಗಾಗಿ ಸಲಿಗೆಯಿಂದ ಹೇಳುತ್ತೇನೆ. ಪಟ್ಟಿಗಳು ಸಾಯುತ್ತವೆ. ಸತ್ತ ಪಟ್ಟಿ ಎಷ್ಟೋ ಸಲ ಬದುಕಿದ್ದ ಪಟ್ಟಿಗಿಂತ ಅಪಾಯ. ಓಸಿರುಸಾಫ್ಟ್ ಅನ್ನುವ ಪಟ್ಟಿ 2003ರ ಆಗಸ್ಟ್‌ನಲ್ಲಿ ದಾಳಿಗೆ ಸಿಕ್ಕಿ ನಿಲ್ಲುವಾಗ ಇಡೀ ಇಂಟರ್‌ನೆಟ್ಟೇ ಪಟ್ಟಿಯಲ್ಲಿದೆ ಅಂತ ಉತ್ತರ ಕೊಡತೊಡಗಿತು. ಓಆರ್‌ಡಿಬಿ 2006ರ ಕೊನೆಯಲ್ಲಿ ಮುಚ್ಚಿತು. ಆದರೂ ಜನ ಕೇಳುವುದನ್ನು ಬಿಡಲಿಲ್ಲ. 2008ರ ಮಾರ್ಚ್‌ನಲ್ಲಿ ಅದೂ ಕೇಳಿದ ಎಲ್ಲ ವಿಳಾಸಕ್ಕೂ 'ಹೌದು, ಪಟ್ಟಿಯಲ್ಲಿದೆ' ಅನ್ನತೊಡಗಿತು. ಒಂದು ವರ್ಷಕ್ಕೂ ಜಾಸ್ತಿ ಕಾಲ ಯಾರೂ ತಮ್ಮ ಸರ್ವರ್‌ನ ಸೆಟ್ಟಿಂಗ್ ನೋಡಿರಲಿಲ್ಲ ಅಂತ ಆಯಿತು. ಸ್ಪ್ಯಾಮ್‌ಕಾಪ್ ಅನ್ನುವ ಪಟ್ಟಿ ಸತ್ತಿರಲಿಲ್ಲ, ಆದರೆ 2021ರ ಜನವರಿ 31ರಂದು ಅದರ ಡೊಮೇನ್ ಹೆಸರಿನ ಅವಧಿ ಮುಗಿಯಿತು. ಯಾವ ಹೆಸರು ಕೇಳಿದರೂ, ಅವಧಿ ಮುಗಿದ ಡೊಮೇನ್‌ಗೆ ಹಾಕುವ ಒಂದು ಪಾರ್ಕಿಂಗ್ ಪುಟದ ವಿಳಾಸ ಉತ್ತರವಾಗಿ ಬರತೊಡಗಿತು. ಏನಾದರೂ ಉತ್ತರ ಬಂತು ಅಂದರೆ ಪಟ್ಟಿಯಲ್ಲಿದೆ ಅಂತ ತಿಳಿಯುವ ಸರ್ವರ್‌ಗಳು ಒಳ್ಳೆಯ ಮೇಲ್‌ಗಳನ್ನೆಲ್ಲ ವಾಪಸ್ ಕಳಿಸಿದವು. 2024ರ ಜೂನ್‌ನಲ್ಲಿ ಸಾರ್ಬ್ಸ್ ಕೂಡ ನಿಂತಿತು. ನಿಮ್ಮ ಸೆಟ್ಟಿಂಗ್‌ನಲ್ಲಿ ಅದರ ಹೆಸರು ಇನ್ನೂ ಇದೆಯಾ, ಒಮ್ಮೆ ನೋಡಿ.

ಇದಕ್ಕೆ ಮದ್ದು ಕಷ್ಟದ್ದಲ್ಲ. ಪಟ್ಟಿಗಳು ಹೇಗಿರಬೇಕು ಅಂತ ಹೇಳುವ ಆರ್‌ಎಫ್‌ಸಿ 5782ರಲ್ಲಿ ಒಂದು ಪರೀಕ್ಷೆ ಇದೆ. 127.0.0.2 ಪಟ್ಟಿಯಲ್ಲಿ ಇರಲೇಬೇಕು, 127.0.0.1 ಇರಲೇಬಾರದು. ದಿನಕ್ಕೊಂದು ಸಲ ಈ ಎರಡನ್ನೂ ಕೇಳಿ. ಮೊದಲನೆಯದು ಸಿಗದಿದ್ದರೆ ಪಟ್ಟಿ ಸತ್ತಿದೆ. ಎರಡನೆಯದು ಸಿಕ್ಕರೆ ಪಟ್ಟಿಗೆ ತಲೆ ಕೆಟ್ಟಿದೆ. ಎರಡರಲ್ಲಿ ಯಾವುದಾದರೂ ಆದರೆ ಆ ಪಟ್ಟಿಯನ್ನು ಕೇಳುವುದು ನಿಲ್ಲಿಸಿ. ಉತ್ತರ ಬಂತಾ ಇಲ್ಲವಾ ಅಂತ ಮಾತ್ರ ನೋಡಬೇಡಿ, ಯಾವ ಉತ್ತರ ಅಂತಲೂ ನೋಡಿ. ಯಾರು ಬೇಕಾದರೂ ಬಳಸುವ ಸಾರ್ವಜನಿಕ ಡಿಎನ್‌ಎಸ್ ಸರ್ವರ್ (ರಿಸಾಲ್ವರ್) ಮೂಲಕ ಸ್ಪ್ಯಾಮ್‌ಹೌಸ್ ಪಟ್ಟಿಯನ್ನು ಕೇಳಿದರೆ 127.255.255.254 ಅಂತ ಬರುತ್ತದೆ. 'ಹೀಗೆ ಕೇಳಬೇಡಿ' ಅಂತ ಅದರ ಅರ್ಥ. ಅದನ್ನೇ 'ಪಟ್ಟಿಯಲ್ಲಿದೆ' ಅಂತ ಓದಿಕೊಂಡು ಬಂದ ಮೇಲ್ ಎಲ್ಲವನ್ನೂ ತಿರಸ್ಕರಿಸುತ್ತಿದ್ದ ಸರ್ವರನ್ನು ನಾನೇ ಕಂಡಿದ್ದೇನೆ. ಅದರ ಅಡ್ಮಿನ್‌ಗೆ ಹೇಳೋಣ ಅಂದರೆ ನನ್ನ ಮೇಲ್ ಅವರಿಗೆ ತಲುಪುವುದಿಲ್ಲವಲ್ಲ! ಕೊನೆಗೆ ಅವರ ಕಚೇರಿಯ ಫೋನ್ ನಂಬರ್ ಹುಡುಕಿ ಹೇಳಿದೆ.

ಒಂದೇ ಪಟ್ಟಿಯ ಮಾತು ಕೇಳಿ ತಿರಸ್ಕರಿಸುವುದಕ್ಕಿಂತ ಅಂಕ ಹಾಕುವುದು ಮೇಲು. ಪಟ್ಟಿಯಲ್ಲಿದ್ದರೆ ಇಷ್ಟು ಅಂಕ, ಡಿಕಿಮ್ ಸಹಿ ಇಲ್ಲದಿದ್ದರೆ ಇಷ್ಟು, ರಿವರ್ಸ್ ಡಿಎನ್‌ಎಸ್ ಇಲ್ಲದಿದ್ದರೆ ಇಷ್ಟು. ಸ್ಪ್ಯಾಮ್ ಸೋಸುವ ತಂತ್ರಾಂಶ ಸ್ಪ್ಯಾಮ್‌ಅಸ್ಯಾಸಿನ್ ಎಷ್ಟೋ ವರ್ಷದಿಂದ ಇದನ್ನೇ ಮಾಡುತ್ತಿದೆ. ತಿರಸ್ಕರಿಸಲೇಬೇಕು ಅಂತಾದರೆ ಬಾಗಿಲಲ್ಲೇ ತಿರಸ್ಕರಿಸಿ, ಒಳಗೆ ಕರೆದುಕೊಂಡು ಎಸೆಯಬೇಡಿ. 550ರ ಪಕ್ಕದಲ್ಲಿ ಒಂದು ಸಾಲು ಬರೆಯಲು ಜಾಗ ಇದೆ. ಯಾವ ಪಟ್ಟಿ, ಎಲ್ಲಿ ಕೇಳಬೇಕು ಅಂತ ಅಲ್ಲಿ ಬರೆಯಿರಿ. ಅದನ್ನು ಓದುವುದು ಬರೀ ಯಂತ್ರ ಅಂದುಕೊಳ್ಳಬೇಡಿ, ಸೋಮವಾರ ಬೆಳಿಗ್ಗೆ ನನ್ನಂಥವನೂ ಓದುತ್ತಾನೆ.

ಪಟ್ಟಿ ನಡೆಸುವವರಲ್ಲಿ ಹಣ ಕೇಳುವವರ ಬಗ್ಗೆ ಚಿಕ್ಕದಾಗಿ. ನಮ್ಮ ಐಪಿ ಇದ್ದ ಎರಡನೆಯ ಪಟ್ಟಿಯವರು, ಕಾದರೆ ಹೆಸರು ತಾನಾಗಿ ಹೋಗುತ್ತದೆ, ಬೇಗ ಬೇಕಿದ್ದರೆ ಹಣ ಕೊಡಿ ಅಂದರು. ಆರ್‌ಎಫ್‌ಸಿ 6471 ಬಂದದ್ದು 2012ರಲ್ಲಿ. ಪಟ್ಟಿ ನಡೆಸುವ ಒಳ್ಳೆಯ ರೀತಿ ಯಾವುದು ಅಂತ ಹೇಳುವ ಬರಹ ಅದು. ಹೆಸರು ತೆಗೆಯಲು ಹಣ ಕೇಳುವುದು ಸುಲಿಗೆಯ ಹತ್ತಿರಕ್ಕೆ ಹೋಗುತ್ತದೆ, ಹಾಗಾಗಿ ಅದು ಕೂಡದು ಅನ್ನುತ್ತದೆ. ಸೇರಿಸುವ ನಿಯಮ ಎಲ್ಲರಿಗೂ ಕಾಣುವಂತಿರಲಿ, ಸೇರಿಸಿದ ಹೆಸರಿಗೆ ಒಂದು ಅವಧಿ ಇರಲಿ, ತೆಗೆಯಲು ಕೇಳುವ ದಾರಿ ಇರಲಿ, ಉತ್ತರ ಬೇಗ ಬರಲಿ ಅಂತಲೂ ಇದೆ. ನಾನು ಹೊಸದೇನೂ ಕೇಳುತ್ತಿಲ್ಲ. ಹಣ ಕೊಡಲಿಲ್ಲ, ಕಾದೆವು.

ಮತ್ತೆ ದೊಡ್ಡವರ ಹತ್ತಿರ ಬರುತ್ತೇನೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಹೊಸ ನಿಯಮ ತಂದವು. ಕಳಿಸುವ ಎಲ್ಲರಿಗೂ ಸರಿಯಾದ ರಿವರ್ಸ್ ಡಿಎನ್‌ಎಸ್, ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು. ರಾಶಿ ರಾಶಿ ಕಳಿಸುವವರಿಗೆ ಇನ್ನೂ ಜಾಸ್ತಿ: ಎಸ್‌ಪಿಎಫ್, ಡಿಕಿಮ್ ಎರಡೂ ಬೇಕು, ಡಿಮಾರ್ಕ್ ಬೇಕು, ಬೇಡ ಅಂದವರು ಒಂದೇ ಒತ್ತಿನಲ್ಲಿ ಹೊರಬರುವ ದಾರಿ ಬೇಕು. ಜಿಮೇಲ್ ಲೆಕ್ಕದಲ್ಲಿ ರಾಶಿ ಅಂದರೆ ದಿನಕ್ಕೆ 5000. ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು. ನನಗೆ ಆ ನಿಯಮಗಳು ಹಿಡಿಸಿದವು. ಏನು ಬೇಕು ಅಂತ ಬಾಯಿ ಬಿಟ್ಟು ಹೇಳಿದರು, ಅಂಕಿ ಕೊಟ್ಟರು. ನಾವು 5000ದ ಹತ್ತಿರವೂ ಇಲ್ಲ, ಆದರೂ ಎಲ್ಲವನ್ನೂ ಮಾಡಿದೆವು.

ಆದರೆ ಇದರಿಂದ ಏಳುವ ಪ್ರಶ್ನೆ ಒಂದಿದೆ. ಡಿಕಿಮ್ ಸಹಿ ಇದ್ದರೆ ಮೇಲ್ ಯಾವ ಡೊಮೇನ್‌ನಿಂದ ಬಂತು ಅಂತ ಖಚಿತವಾಗಿ ಗೊತ್ತಾಗುತ್ತದೆ. ನಮ್ಮ ಡೊಮೇನ್‌ಗೆ ಹತ್ತು ವರ್ಷದ ಚರಿತ್ರೆ ಇದೆ, ಐಪಿ ವಿಳಾಸಕ್ಕೆ ನಮ್ಮ ಜೊತೆ ಮೂರು ದಿನದ ಪರಿಚಯ. ಗುರುತು ಹಿಡಿಯಲು ಸಹಿ ಕೇಳಿದಿರಿ, ಕೊಟ್ಟೆವು. ಆಮೇಲೂ ಸಹಿಯನ್ನು ನೋಡದೆ, ಹಿಂದಿನ ಬಾಡಿಗೆದಾರ ಮಾಡಿದ್ದನ್ನೇ ನೋಡಿ ಬಾಗಿಲು ಹಾಕಿದರೆ ಸಹಿ ಯಾಕೆ ಬೇಕಿತ್ತು? ಗೊತ್ತಿಲ್ಲದ ಡೊಮೇನ್ ಆದರೆ ಐಪಿ ನೋಡಿ ಅನುಮಾನಿಸಿ, ಬೇಡ ಅನ್ನುವುದಿಲ್ಲ. ಸ್ಪ್ಯಾಮರ್ ಕೂಡ ಡಿಕಿಮ್ ಸಹಿ ಹಾಕಬಲ್ಲ ಅನ್ನುವುದೂ ಗೊತ್ತು. ಆದರೆ ನಿಮ್ಮದೇ ಬಳಕೆದಾರರು ವರ್ಷಗಟ್ಟಲೆ ಪತ್ರ ಬರೆದು, ಉತ್ತರ ಪಡೆದ ಡೊಮೇನ್ ಒಂದು ಹೊಸ ಐಪಿಯಿಂದ ಬಂದರೆ, ಅದನ್ನು ಮನೆ ಬದಲಿಸಿದ ಹಳೆಯ ಪರಿಚಯದವರಂತೆ ನೋಡಬಹುದಲ್ವಾ?

ಸಣ್ಣವರಿಗೆ ಇನ್ನೊಂದು ಕಷ್ಟ. ಕಳಿಸುವವರು ತಮ್ಮ ಸ್ಥಿತಿ ನೋಡಿಕೊಳ್ಳಲಿ ಅಂತ ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್ ಇದೆ. ಅದರಲ್ಲಿ ಅಂಕಿ ಕಾಣಬೇಕಾದರೆ ದಿನಕ್ಕೆ ಸಾಕಷ್ಟು ಮೇಲ್ ಹೋಗಬೇಕು. ನಮ್ಮ ಕೆಲವು ನೂರಕ್ಕೆ ಅಲ್ಲಿ ಖಾಲಿ ಪುಟ ಸಿಗುತ್ತದೆ. ರಾಶಿ ಕಳಿಸುವವರಿಗೆ ಕನ್ನಡಿ ಇದೆ, ಕಡಿಮೆ ಕಳಿಸುವವರಿಗಿಲ್ಲ. ಹೊಸ ಐಪಿಯನ್ನು ಪಳಗಿಸಲು ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗಿ ಅಂತ ಎಲ್ಲರೂ ಉಪದೇಶ ಮಾಡುತ್ತಾರೆ. ಜಾಸ್ತಿ ಮಾಡಲು ನಮ್ಮ ಹತ್ತಿರ ಮೇಲ್ ಇದ್ದರೆ ತಾನೇ?

ಕೆಲವು ಗೆಳೆಯರು ಹೇಳುತ್ತಾರೆ, ಯಾಕಪ್ಪಾ ಈ ತಲೆನೋವು, ದೊಡ್ಡ ಕಂಪನಿಗೇ ಮೇಲ್ ಕೊಟ್ಟುಬಿಡು ಅಂತ. ಬಹಳಷ್ಟು ಜನ ಹಾಗೇ ಮಾಡಿದ್ದಾರೆ, ಅವರದ್ದು ತಪ್ಪು ಅನ್ನುವುದಿಲ್ಲ. ಆದರೆ ಕಳಿಸುವ ಸೇವೆಗಳಲ್ಲೂ ಒಂದೇ ಐಪಿಯನ್ನು ನೂರಾರು ಗ್ರಾಹಕರು ಹಂಚಿಕೊಳ್ಳುತ್ತಾರೆ. ಅದರಲ್ಲಿ ಒಬ್ಬ ಎಲ್ಲಿಂದಲೋ ಕೊಂಡ ವಿಳಾಸಗಳ ಪಟ್ಟಿಗೆ ಮೇಲ್ ಸುರಿದರೆ ಉಳಿದವರೂ ಜೊತೆಗೆ ಮುಳುಗುತ್ತಾರೆ. ಅಲ್ಲಿಗೆ ಹೋದರೆ ತಲೆನೋವು ತಪ್ಪುವುದಿಲ್ಲ, ಲಾಗ್ ನೋಡುವ ಅವಕಾಶ ಮಾತ್ರ ತಪ್ಪುತ್ತದೆ.

ಸದ್ಯ ನಮ್ಮ ಐಪಿ ಎಲ್ಲ ಸಾರ್ವಜನಿಕ ಪಟ್ಟಿಗಳಿಂದ ಹೊರಗಿದೆ. ಒಳಪಟ್ಟಿಯವರು 'ಸಡಿಲಿಸಿದ್ದೇವೆ' ಅಂದರು, 'ತೆಗೆದಿದ್ದೇವೆ' ಅನ್ನಲಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ನಾನು ನೋಡುವುದು ಹಿಂದಿನ ರಾತ್ರಿಯ ಬೌನ್ಸ್‌ಗಳನ್ನು. ಹೋದ ವಾರ ಎರಡು ಮೇಲ್ ಮತ್ತೆ 421 ಅಂತ ಕ್ಯೂನಲ್ಲಿ ಕೂತಿದ್ದವು, ನಾಲ್ಕು ಗಂಟೆ ಬಿಟ್ಟು ಹೋದವು. ಯಾಕೆ ಕೂತವು, ಯಾಕೆ ಹೋದವು, ಎರಡೂ ಗೊತ್ತಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಈ ಪತ್ರ ಕಣ್ಣಿಗೆ ಬಿದ್ದರೆ, ಆ ಹನ್ನೊಂದು ದಿನದ ಲಾಗ್ ನನ್ನ ಹತ್ತಿರ ಪೂರ್ತಿ ಇದೆ. ನಿಮ್ಮ ಸರ್ವರ್ ಕೊಟ್ಟ ಪ್ರತಿ ಉತ್ತರ, ಗಂಟೆ ನಿಮಿಷದ ಸಮೇತ. ನೋಡುತ್ತೀರಿ ಅಂದರೆ ಇವತ್ತೇ ಕಳಿಸುತ್ತೇನೆ. ಯಾವ ವಿಳಾಸಕ್ಕೆ ಕಳಿಸಲಿ ಅಂತ ಹೇಳಿ, ಪೋಸ್ಟ್‌ಮಾಸ್ಟರ್ ಬಿಟ್ಟು.

ಇಂತಿ,
ಒಂದು ಸಣ್ಣ ಮೇಲ್ ಸರ್ವರ್‌ನ ಅಡ್ಮಿನ್